ಪಾದರಸದ ಪ್ರಯೋಗಾಲಯ ಪರೀಕ್ಷೆ: ಕಲಬುರಗಿ ಜಿಲ್ಲೆಯ ಸಿಮೆಂಟ್ ಸೀಮೆಯ ನೆಲೆಯಲ್ಲಿ

ಗಾಳಿ, ನೀರು, ಮಣ್ಣು, ಆಹಾರ, ಔಷಧ ಮತ್ತು ದಿನಬಳಕೆಯ ವಸ್ತುಗಳಲ್ಲಿ ಪಾದರಸ ಇದೆಯೇ, ಇದ್ದರೆ ಎಷ್ಟು ಪ್ರಮಾಣದಲ್ಲಿ, ಯಾವ ರೂಪದಲ್ಲಿದೆ ಎಂಬುದನ್ನು ಅಳೆದು ಹೇಳುವ ವಿಶ್ಲೇಷಣಾ ಕ್ರಮಗಳ ಸಮುದಾಯಕ್ಕೆ ಪಾದರಸ ಪರೀಕ್ಷೆ ಎಂದು ಹೆಸರು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ–ಚಂದಾಪುರಗಳನ್ನು ಒಳಗೊಂಡ ಸುಣ್ಣಕಲ್ಲಿನ ಸೀಮೆಯಲ್ಲಿ ಈ ಪರೀಕ್ಷೆಗೆ ವಿಶೇಷ ಮಹತ್ವವಿದೆ. ಏಕೆಂದರೆ ಇಲ್ಲಿನ ಮುಖ್ಯ ಉದ್ಯಮವಾದ ಸಿಮೆಂಟ್ ಕ್ಲಿಂಕರ್ (ಕುಲುಮೆಯಲ್ಲಿ ಸುಟ್ಟು ಪಡೆದು, ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆ) ತಯಾರಿಕೆಯು ಮಿನಮಾಟ ಅಂತರರಾಷ್ಟ್ರೀಯ ಒಪ್ಪಂದವು ಪಾದರಸದ ವಾಯು ಉತ್ಸರ್ಜನೆಯ ಮೂಲಗಳೆಂದು ಪಟ್ಟಿ ಮಾಡಿರುವ ಐದು ಬಗೆಯ ಸ್ಥಾವರಗಳಲ್ಲಿ ಒಂದು. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು, ಕಲ್ಲಿದ್ದಲು ಉರಿಸುವ ಕೈಗಾರಿಕಾ ಬಾಯ್ಲರ್‌ಗಳು, ಕಬ್ಬಿಣೇತರ ಲೋಹಗಳ ಕರಗಿಸುವಿಕೆ ಮತ್ತು ಹುರಿಯುವಿಕೆ, ತ್ಯಾಜ್ಯ ದಹನ ಘಟಕಗಳು ಉಳಿದ ನಾಲ್ಕು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2018ರ ಜಾಗತಿಕ ಅಂದಾಜಿನಂತೆ, 2015ರಲ್ಲಿ ಮಾನವ ಚಟುವಟಿಕೆಯಿಂದ ಗಾಳಿಗೆ ಸೇರಿದ ಸುಮಾರು 2,220 ಟನ್ ಪಾದರಸದಲ್ಲಿ ಸಿಮೆಂಟ್ ಉದ್ಯಮದ ಪಾಲು ಸುಮಾರು ಶೇ. 11.

ಪಾದರಸದ ರೂಪಗಳು

ಪರಮಾಣು ಸಂಖ್ಯೆ 80 ಇರುವ ಪಾದರಸವು ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿರುವ ಏಕೈಕ ಲೋಹವಾಗಿದ್ದು, −38.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ 357 ಡಿಗ್ರಿಯ ಹತ್ತಿರ ಕುದಿಯುತ್ತದೆ. ಕುದಿಯುವ ಮೊದಲೇ, ಕೋಣೆಯ ಉಷ್ಣತೆಯಲ್ಲಿಯೂ, ಬಣ್ಣ ವಾಸನೆಗಳಿಲ್ಲದ ಆವಿಯಾಗಿ ಹೊರಡುತ್ತಲೇ ಇರುತ್ತದೆ. ಪರೀಕ್ಷೆಯ ದೃಷ್ಟಿಯಿಂದ ಇದರ ಮೂರು ರೂಪಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಮೊದಲನೆಯದು ಧಾತುರೂಪದ ಪಾದರಸ, ಅಂದರೆ ಥರ್ಮಾಮೀಟರ್ ಮತ್ತು ರಕ್ತದೊತ್ತಡ ಮಾಪಕಗಳಲ್ಲಿರುವ ಬಿಡಿ ಲೋಹ ಮತ್ತು ಅದರ ಆವಿ. ಎರಡನೆಯದು ಅಜೈವಿಕ ಸಂಯುಕ್ತಗಳು. ಕ್ಲೋರಿನ್, ಗಂಧಕ ಮೊದಲಾದವುಗಳೊಡನೆ ಕೂಡಿದ ಈ ಲವಣಗಳಲ್ಲಿ ಕೆಲವು ನೀರಿನಲ್ಲಿ ಸುಲಭವಾಗಿ ಕರಗಿದರೆ, ಇಂಗಳೀಕದಂಥವು (ಸಿನ್ನಬಾರ್) ಬಹುಮಟ್ಟಿಗೆ ಕರಗುವುದೇ ಇಲ್ಲ. ಮೂರನೆಯದು ಇಂಗಾಲದೊಡನೆ ಬಂಧ ಹೊಂದಿದ ಜೈವಿಕ ಸಂಯುಕ್ತಗಳು; ಅವುಗಳಲ್ಲಿ ಮುಖ್ಯವಾದ ಮೀಥೈಲ್ ಪಾದರಸವು ಕೆರೆ, ಜಲಾಶಯಗಳ ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಾಣುಗಳಿಂದ ಉಂಟಾಗಿ, ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸಾಗುತ್ತ ಹಂತಹಂತಕ್ಕೂ ಸಾಂದ್ರವಾಗುತ್ತ ಹೋಗುತ್ತದೆ.

ಈ ಭೇದವನ್ನು ಕಡೆಗಣಿಸಿದರೆ ಆಗುವ ಅನಾಹುತಕ್ಕೆ ಜಪಾನಿನ ಮಿನಮಾಟ ನಿದರ್ಶನ. ಅಲ್ಲಿನ ರಾಸಾಯನಿಕ ಕಾರ್ಖಾನೆಯ ತ್ಯಾಜ್ಯ ಸೇರಿದ ಕೊಲ್ಲಿಯ ಮೀನು ತಿಂದವರಲ್ಲಿ ಕಾಣಿಸಿಕೊಂಡ ನರರೋಗವನ್ನು 1956ರಲ್ಲಿ ಅಧಿಕೃತವಾಗಿ ಗುರುತಿಸಲಾಯಿತು. ಅದಕ್ಕೆ ಜೈವಿಕ ಪಾದರಸ ಕಾರಣವೆಂದು ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಹೇಳಿದ್ದು 1959ರಲ್ಲಿ, ಸರ್ಕಾರ ಅದನ್ನು ಒಪ್ಪಿಕೊಂಡದ್ದು 1968ರಲ್ಲಿ. ಇರಾಕಿನಲ್ಲಿ 1971–72ರ ಚಳಿಗಾಲದಲ್ಲಿ, ಬಿತ್ತನೆಗೆಂದು ಜೈವಿಕ ಪಾದರಸದಿಂದ ಉಪಚರಿಸಿದ್ದ ಗೋಧಿಯನ್ನು ಹಿಟ್ಟು ಮಾಡಿ ರೊಟ್ಟಿ ಸುಟ್ಟು ತಿಂದ ಗ್ರಾಮಸ್ಥರಲ್ಲಿ ನೂರಾರು ಮಂದಿ ಸತ್ತರು. ಇಂಥ ಘಟನೆಗಳ ಹಿನ್ನೆಲೆಯಲ್ಲಿ ಪಾದರಸದ ಒಟ್ಟು ಪ್ರಮಾಣದ ಜೊತೆಗೆ ಅದರ ರೂಪವನ್ನೂ ಅಳೆಯುವ ವಿಧಾನಗಳು ಬೆಳೆದುಬಂದವು.

ಪ್ರದೇಶದ ಹಿನ್ನೆಲೆ

ಭೀಮಾ ನದಿಯ ಜಲಾನಯನದಲ್ಲಿ ಹರಡಿರುವ, ಭೂವಿಜ್ಞಾನದಲ್ಲಿ ಭೀಮಾ ಸಮೂಹವೆಂದು ಕರೆಯಲಾಗುವ ಪ್ರಾಚೀನ ಜಲಜ ಶಿಲಾಸ್ತರಗಳು ಈ ಸೀಮೆಯ ಆರ್ಥಿಕತೆಗೆ ಆಧಾರವಾಗಿವೆ. ಇವುಗಳಲ್ಲಿ ತೆಳ್ಳಗೆ ಪದರಪದರವಾಗಿ ಏಳುವ ಕಲ್ಲು ಫರಸಿಯಾಗಿ, ಅಂದರೆ ನೆಲಹಾಸಿನ ಚಪ್ಪಡಿಯಾಗಿ, ಶಹಾಬಾದದ ಹೆಸರನ್ನು ದೂರದವರೆಗೆ ಒಯ್ದಿದೆ. ಸುಣ್ಣದಂಶ ಹೆಚ್ಚಿರುವ ಸ್ತರಗಳು ಸಿಮೆಂಟಿಗೆ ಕಚ್ಚಾವಸ್ತುವಾಗಿವೆ. ಶಹಾಬಾದದಲ್ಲಿ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಆರಂಭವಾದ ಈ ಉದ್ಯಮವು ಮುಂದೆ ವಾಡಿ, ಮಳಖೇಡ ಮತ್ತು ಸೇಡಂಗಳಿಗೂ, ಈ ಶತಮಾನದಲ್ಲಿ ಚಿತ್ತಾಪುರ ತಾಲ್ಲೂಕಿನ ಇಟಗಾ, ಸೇಡಂ ತಾಲ್ಲೂಕಿನ ಕೋಡ್ಲಾ, ಚಿಂಚೋಳಿ ತಾಲ್ಲೂಕಿನ ಛತ್ರಸಾಲ ಮೊದಲಾದ ಕಡೆಗೂ ಹಬ್ಬಿತು. ಹಲವು ಕಾರ್ಖಾನೆಗಳು ಸ್ವಂತ ಬಳಕೆಗೆ ಕಲ್ಲಿದ್ದಲು ವಿದ್ಯುತ್ ಘಟಕಗಳನ್ನೂ ಹೊಂದಿವೆ. ಇದಲ್ಲದೆ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿದೆ.

ನೀರಿನ ದಾರಿಯೂ ಈ ವಿಷಯಕ್ಕೆ ಸಂಬಂಧಿಸಿದ್ದೇ ಆಗಿದೆ. ಚಿಂಚೋಳಿ ಮತ್ತು ಅದಕ್ಕೆ ಹೊಂದಿಕೊಂಡ ಚಂದಾಪುರದ ಬಳಿ ಹರಿಯುವ ಮುಲ್ಲಾಮಾರಿಯು ಕಾಗಿಣಾವನ್ನು ಸೇರಿದರೆ, ಕಾಗಿಣಾ ನದಿಯು ಮಳಖೇಡ, ಶಹಾಬಾದಗಳ ಬದಿಯಿಂದ ಸಾಗಿ ಭೀಮೆಯನ್ನು ಕೂಡುತ್ತದೆ. ಭೀಮೆ ಕೃಷ್ಣೆಗೆ ಸೇರುತ್ತದೆ. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯ, ನದಿಗಳ ಬಾಂದಾರಗಳು, ಕಲ್ಲು ತೆಗೆದ ಮೇಲೆ ಮಳೆನೀರು ನಿಂತ ಖಣಿ ಗುಂಡಿಗಳು ಇವೆಲ್ಲವೂ ಗಾಳಿಯಿಂದ ಇಳಿದ ಪಾದರಸ ಕೊನೆಗೆ ಬಂದು ನಿಲ್ಲಬಹುದಾದ ತಾಣಗಳಾದ್ದರಿಂದ, ಮಾದರಿ ಸಂಗ್ರಹದ ಯೋಜನೆಯಲ್ಲಿ ಚಿಮಣಿಗಳಿಗೆ ಇರುವಷ್ಟೇ ಸ್ಥಾನ ಇವುಗಳಿಗೂ ಸಲ್ಲುತ್ತದೆ.

ಸಿಮೆಂಟ್ ಕುಲುಮೆಯಲ್ಲಿ ಪಾದರಸದ ಚಲನೆ

ಸುಣ್ಣಕಲ್ಲು, ಜೇಡಿ ಅಥವಾ ಕೆಂಪುಕಲ್ಲು, ಕಬ್ಬಿಣಾಂಶದ ಮಣ್ಣು ಮತ್ತು ಕಲ್ಲಿದ್ದಲಿನಲ್ಲಿ ಪಾದರಸವು ಕಿಲೋಗ್ರಾಮಿಗೆ ಮಿಲಿಗ್ರಾಮಿನ ಕೆಲವು ನೂರನೆಯ ಅಥವಾ ಹತ್ತನೆಯ ಭಾಗದಷ್ಟು ಸ್ವಾಭಾವಿಕವಾಗಿಯೇ ಇರುತ್ತದೆ. ಕುಲುಮೆಯಲ್ಲಿ ಕಚ್ಚಾಮಿಶ್ರಣವು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ಗೆ ಕಾಯುವುದರಿಂದ ಅದರಲ್ಲಿನ ಪಾದರಸ ಪೂರ್ತಿಯಾಗಿ ಆವಿಯಾಗುತ್ತದೆ, ಕ್ಲಿಂಕರಿನಲ್ಲಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಆದರೆ ಆವಿಯಾದದ್ದೆಲ್ಲ ನೇರವಾಗಿ ಚಿಮಣಿ ಸೇರುವುದಿಲ್ಲ. ಕುಲುಮೆಯ ಬಿಸಿ ಅನಿಲವನ್ನು ಕಚ್ಚಾವಸ್ತು ಪುಡಿಮಾಡುವ ರಾ ಮಿಲ್‌ನೊಳಗೆ ಹಾಯಿಸಿ ಅಲ್ಲಿನ ತೇವ ಒಣಗಿಸುವುದು ರೂಢಿ. ಹಾಗೆ ಹಾಯುವಾಗ ಅನಿಲ ತಣಿದು, ಪಾದರಸದ ಬಹುಭಾಗ ನುಣುಪಾದ ಪುಡಿಯ ಕಣಗಳಿಗೆ ಅಂಟಿ, ಆ ಪುಡಿಯೊಡನೆ ಮತ್ತೆ ಕುಲುಮೆಗೇ ಹಿಂದಿರುಗುತ್ತದೆ. ಹೀಗೆ ಒಳಗೊಳಗೇ ಸುತ್ತುತ್ತ ಶೇಖರವಾಗುವ ಪಾದರಸವು, ರಾ ಮಿಲ್ ಬಂದ್ ಆಗಿ ಕುಲುಮೆ ಮಾತ್ರ ನಡೆಯುವ ಗಂಟೆಗಳಲ್ಲಿ ಅಂಟಿಕೊಳ್ಳಲು ತಕ್ಕಷ್ಟು ಪುಡಿ ಸಿಗದೆ ಚಿಮಣಿಯ ಮೂಲಕ ಹೊರಬೀಳುತ್ತದೆ.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ಕಾಣಬಹುದು. ಒಂದು ಟನ್ ಕ್ಲಿಂಕರಿಗೆ ಒಂದೂವರೆ ಟನ್ ಕಚ್ಚಾಮಿಶ್ರಣ ಬೇಕೆಂದೂ ಅದರ ಪ್ರತಿ ಕಿಲೋದಲ್ಲಿ 0.02 ಮಿ.ಗ್ರಾಂ ಪಾದರಸವಿದೆಯೆಂದೂ ಇಟ್ಟುಕೊಂಡರೆ ಅದರಿಂದ 30 ಮಿ.ಗ್ರಾಂ ಬರುತ್ತದೆ, ಉರಿಸುವ 150 ಕಿಲೋ ಕಲ್ಲಿದ್ದಲಿನ ಪ್ರತಿ ಕಿಲೋದಲ್ಲಿ 0.2 ಮಿ.ಗ್ರಾಂ ಇದ್ದರೆ ಅದರಿಂದಲೂ 30 ಮಿ.ಗ್ರಾಂ ಸೇರಿ ಒಟ್ಟು 60 ಮಿ.ಗ್ರಾಂ ಆಗುತ್ತದೆ. ಒಂದು ಟನ್ ಕ್ಲಿಂಕರಿಗೆ ಹೊರಡುವ ಅನಿಲ 2,000 ಸಾಮಾನ್ಯ ಘನ ಮೀಟರ್ (ನಿಗದಿತ ಉಷ್ಣತೆ ಮತ್ತು ಒತ್ತಡಕ್ಕೆ ಲೆಕ್ಕಹಾಕಿದ ಗಾತ್ರ) ಎಂದು ಹಿಡಿದರೆ, ಸರಾಸರಿ ಸಾಂದ್ರತೆ ಪ್ರತಿ ಘನ ಮೀಟರಿಗೆ 0.03 ಮಿ.ಗ್ರಾಂ ಆಗಬೇಕು. ದಿನದ 20 ಗಂಟೆ ರಾ ಮಿಲ್ ಓಡುವಾಗ ಸಾಂದ್ರತೆ 0.02, ಉಳಿದ 4 ಗಂಟೆ ಅದು ನಿಂತಾಗ 0.08 ಇದ್ದರೂ ದಿನದ ಸರಾಸರಿ ಅದೇ 0.03 ಬರುತ್ತದೆ. ಆದರೆ ಮಾದರಿ ತೆಗೆಯುವವರು ಮಿಲ್ ಓಡುತ್ತಿರುವ ಹೊತ್ತಿನಲ್ಲಿ ಮಾತ್ರ ಚಿಮಣಿ ಹತ್ತಿದರೆ ವರದಿಯಲ್ಲಿ 0.02 ಎಂದಷ್ಟೇ ದಾಖಲಾಗುತ್ತದೆ. ಪ್ರಯೋಗಾಲಯದ ಕೆಲಸ ಎಷ್ಟೇ ನಿಖರವಾಗಿರಲಿ, ಈ ಕೊರತೆಯನ್ನು ಅದು ತುಂಬಿಕೊಡಲಾರದು. ಆದಕಾರಣ ಸಿಮೆಂಟ್ ಕಾರ್ಖಾನೆಯ ಪಾದರಸ ವರದಿಯಲ್ಲಿ ಮಾದರಿ ತೆಗೆದ ಹೊತ್ತಿಗೆ ರಾ ಮಿಲ್ ನಡೆಯುತ್ತಿತ್ತೇ, ನಿಂತಿತ್ತೇ ಎಂಬ ವಿವರವಿಲ್ಲದಿದ್ದರೆ ಆ ಅಂಕಿಗೆ ಅರ್ಧ ಬೆಲೆ ಮಾತ್ರ.

ಶಾಖೋತ್ಪನ್ನ ಸ್ಥಾವರಗಳ ಹಾರುಬೂದಿಯೂ ಪಾದರಸವನ್ನು ಹೊತ್ತು ತರಬಲ್ಲದು. ಕ್ಲಿಂಕರ್ ಅರೆಯುವ ಹಂತದಲ್ಲಿ ಬೂದಿ ಬೆರೆಸಿದರೆ ಹೆಚ್ಚಿನ ಶಾಖವಿಲ್ಲದ್ದರಿಂದ ಅದರಲ್ಲಿನ ಪಾದರಸ ಬಹುಪಾಲು ಸಿಮೆಂಟಿನಲ್ಲಿಯೇ ಉಳಿಯುತ್ತದೆ. ಅದೇ ಬೂದಿಯನ್ನು ಕಚ್ಚಾಮಿಶ್ರಣದಲ್ಲಿ ಸೇರಿಸಿ ಕುಲುಮೆಗೆ ಹಾಕಿದರೆ ಗಾಳಿಗೆ ಹೋಗುತ್ತದೆ. ಇತರ ಉದ್ಯಮಗಳ ತ್ಯಾಜ್ಯವನ್ನು ಇಂಧನವಾಗಿಯೋ ಕಚ್ಚಾವಸ್ತುವಾಗಿಯೋ ಕುಲುಮೆಯಲ್ಲಿ ಬಳಸುವ ಸಹಸಂಸ್ಕರಣೆಯಲ್ಲಿ, ಬರುವ ಪ್ರತಿ ಸರಕನ್ನೂ ಒಳಗೆ ಬಿಡುವ ಮೊದಲೇ ಪರೀಕ್ಷಿಸಬೇಕಾದದ್ದು ಈ ಕಾರಣಕ್ಕೇ.

ಚಿಮಣಿಯ ಅನಿಲದ ಮಾದರಿ

ಚಿಮಣಿಯಿಂದ ಮಾದರಿ ತೆಗೆಯಲು ಮೂರು ವಿಧಾನಗಳು ಬಳಕೆಯಲ್ಲಿವೆ. ಮೊದಲನೆಯದು ದ್ರಾವಣದ ಬಾಟಲಿಗಳ ವಿಧಾನ. ಚಿಮಣಿಯಲ್ಲಿ ಎತ್ತರದಲ್ಲಿರುವ ಕಟ್ಟೆಯ ಮೇಲೆ ನಿಂತು, ಕೊಳವೆಯ ಬಾಯನ್ನು ಅನಿಲದ ಪ್ರವಾಹಕ್ಕೆ ಎದುರಾಗಿಟ್ಟು, ಅನಿಲ ಹರಿಯುವ ವೇಗದಲ್ಲಿಯೇ ಅದನ್ನು ಒಳಗೆಳೆದು, ದೂಳನ್ನು ಸೋಸುಹಾಳೆಯಲ್ಲಿ ತಡೆದು, ಉಳಿದ ಅನಿಲವನ್ನು ಮಂಜುಗಡ್ಡೆಯಲ್ಲಿ ಸಾಲಾಗಿ ಕೂರಿಸಿದ ಗಾಜಿನ ಬಾಟಲಿಗಳೊಳಗೆ ಗುಳುಗುಳಿಸಲಾಗುತ್ತದೆ. ಮೊದಲ ಬಾಟಲಿಗಳಲ್ಲಿ ಆಮ್ಲ ಬೆರೆತ ಹೈಡ್ರೊಜನ್ ಪೆರಾಕ್ಸೈಡ್, ಕೊನೆಯವುಗಳಲ್ಲಿ ಆಮ್ಲ ಬೆರೆತ ಪೊಟ್ಯಾಸಿಯಂ ಪರ್ಮಾಂಗನೇಟ್ ಇರುತ್ತದೆ. ಪರ್ಮಾಂಗನೇಟಿನ ಕಡುನೇರಳೆ ಬಣ್ಣ ಕೊನೆಯವರೆಗೂ ಉಳಿದಿದ್ದರೆ ಮಾತ್ರ ಮಾದರಿ ಸಿಂಧು. ಬಣ್ಣ ಮಾಸಿದರೆ ದ್ರಾವಣದ ಶಕ್ತಿ ಮುಗಿದು ಪಾದರಸ ಹಿಡಿಗೆ ಸಿಗದೆ ಹೋಗಿರಬಹುದು. ಮೊದಲ ಬಾಟಲಿಗಳಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬಳಸುವ ಇನ್ನೊಂದು ಕ್ರಮದಲ್ಲಿ ಉತ್ಕರ್ಷಿತ ಪಾದರಸವೂ ಧಾತುರೂಪದ ಪಾದರಸವೂ ಬೇರೆಬೇರೆಯಾಗಿ ಸಿಗುತ್ತವೆ. ಧಾತುರೂಪದ ಆವಿಯು ತಿಂಗಳುಗಟ್ಟಲೆ ಗಾಳಿಯಲ್ಲಿದ್ದು ಖಂಡಾಂತರ ಸಾಗಿದರೆ, ಉತ್ಕರ್ಷಿತ ರೂಪವೂ ದೂಳಿಗಂಟಿದ ಪಾದರಸವೂ ಮಳೆಯೊಡನೆ ಹತ್ತಿರದಲ್ಲಿಯೇ ಇಳಿಯುತ್ತವೆ. ಆದ್ದರಿಂದ ಸುತ್ತಲಿನ ಊರುಗಳ ಪಾಲಿಗೆ ಒಟ್ಟು ಪ್ರಮಾಣಕ್ಕಿಂತ ಈ ವಿಂಗಡಣೆಯೇ ಹೆಚ್ಚು ಮುಖ್ಯ.

ಎರಡನೆಯದು ಹೀರುಕೊಳವೆಯ ವಿಧಾನ. ಅಯೋಡಿನ್ ಸವರಿದ ಇಂಗಾಲ ತುಂಬಿದ ಎರಡು ಗಾಜಿನ ಕೊಳವೆಗಳನ್ನು ಜೋಡಿಯಾಗಿ ಚಿಮಣಿಯೊಳಗಿಟ್ಟು, ಅಳತೆಮಾಡಿದ ಗಾತ್ರದ ಅನಿಲವನ್ನು ಅವುಗಳ ಮೂಲಕ ಎಳೆಯಲಾಗುತ್ತದೆ. ಪ್ರತಿ ಕೊಳವೆಯಲ್ಲಿಯೂ ಹಿಂದು ಮುಂದಾಗಿ ಎರಡು ಭಾಗಗಳಿದ್ದು, ಹಿಂದಿನ ಭಾಗದಲ್ಲಿ ಗಮನಾರ್ಹ ಪಾದರಸ ಕಂಡರೆ ಮುಂದಿನದು ತುಂಬಿ ಸೋರಿದೆಯೆಂದು ತಿಳಿಯುತ್ತದೆ. ಎರಡು ಕೊಳವೆಗಳ ಫಲಿತಾಂಶ ಪರಸ್ಪರ ಹೊಂದದಿದ್ದರೆ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ. ಈ ವಿಧಾನದಲ್ಲಿ ದೀರ್ಘ ಅವಧಿಯ ಸರಾಸರಿ ಸಿಗುವುದರಿಂದ ರಾ ಮಿಲ್‌ನ ಏರಿಳಿತವೂ ಅದರೊಳಗೆ ಸೇರುತ್ತದೆ, ಆದರೆ ದೂಳು ಹೆಚ್ಚಿರುವ ಕಡೆ ಇದು ಒಗ್ಗುವುದಿಲ್ಲ. ಮೂರನೆಯದು ಚಿಮಣಿಗೇ ಜೋಡಿಸಿ ಎಡೆಬಿಡದೆ ಅಳೆಯುವ ಸ್ವಯಂಚಾಲಿತ ಯಂತ್ರ. ಇದು ನಿಮಿಷನಿಮಿಷದ ಏರಿಳಿತವನ್ನು ತೋರಿಸುತ್ತದಾದರೂ ಬೆಲೆ ಹೆಚ್ಚು, ಮತ್ತು ತಿಳಿದ ಸಾಂದ್ರತೆಯ ಪಾದರಸ ಅನಿಲದಿಂದ ಆಗಾಗ ಸರಿದೂಗಿಸುತ್ತಿರಬೇಕು.

ನೀರು, ಮಣ್ಣು, ಸಸ್ಯಗಳ ಮಾದರಿ

ನೀರಿನಲ್ಲಿ ಪಾದರಸದ ಪ್ರಮಾಣ ಅತ್ಯಲ್ಪವಾಗಿರುವುದರಿಂದ ಮಾದರಿ ಕೆಡುವ ಸಾಧ್ಯತೆ ಹೆಚ್ಚು. ಸಾಮಾನ್ಯ ಪ್ಲಾಸ್ಟಿಕ್ ಬಾಟಲಿಯ ಗೋಡೆಗೆ ಪಾದರಸ ಅಂಟಿಕೊಳ್ಳುತ್ತದೆ, ಅದರ ಮೂಲಕ ಆವಿಯಾಗಿ ಹೊರಹೋಗಲೂಬಹುದು, ಹೊರಗಿನ ಗಾಳಿಯ ಪಾದರಸ ಒಳಗೂ ಬರಬಹುದು. ಆದ್ದರಿಂದ ಆಮ್ಲದಲ್ಲಿ ತೊಳೆದ ಗಾಜು ಅಥವಾ ಟೆಫ್ಲಾನ್ ಬಾಟಲಿಯನ್ನು ಬಳಸಿ, ನೀರು ತುಂಬಿದ ಕೂಡಲೇ ಆಮ್ಲವನ್ನೋ ಬ್ರೋಮಿನ್ ಕ್ಲೋರೈಡನ್ನೋ ಸೇರಿಸಿ, ಮುಚ್ಚಳ ಬಿಗಿಮಾಡಿ ತಂಪಿನಲ್ಲಿ ಸಾಗಿಸಬೇಕು. ಶುದ್ಧ ನೀರು ತುಂಬಿದ ಒಂದು ಬಾಟಲಿಯನ್ನು ಮಾದರಿಯ ಸ್ಥಳಕ್ಕೆ ಒಯ್ದು, ತೆರೆದು ಮುಚ್ಚಿ, ಉಳಿದವುಗಳ ಜೊತೆಗೇ ಪ್ರಯೋಗಾಲಯಕ್ಕೆ ತರುವುದು ವಾಡಿಕೆ. ಖಾಲಿ ಮಾದರಿ ಎನಿಸುವ ಇದರಲ್ಲಿ ಪಾದರಸ ಕಂಡರೆ ಅದು ದಾರಿಯಲ್ಲಿ ಸೇರಿದ್ದೆಂದು ಅರ್ಥ.

ಮಣ್ಣಿನ ವಿಷಯದಲ್ಲಿ ಆಳ ಮುಖ್ಯ. ಗಾಳಿಯಿಂದ ಇಳಿದ ಪಾದರಸ ಮೇಲಿನ ಕೆಲವೇ ಸೆಂಟಿಮೀಟರಿನಲ್ಲಿ ಸಾವಯವ ಅಂಶಕ್ಕೆ ಅಂಟಿ ನಿಲ್ಲುವುದರಿಂದ, ಮೇಲ್ಪದರವನ್ನೂ ಅದೇ ಜಾಗದ ಕೆಳಪದರವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ ಹೋಲಿಸಿದರೆ, ಕಂಡ ಪಾದರಸ ಶಿಲೆಯಿಂದ ಬಂದದ್ದೇ ಹೊರಗಿನಿಂದ ಇಳಿದದ್ದೇ ಎಂಬುದು ತಿಳಿಯುತ್ತದೆ. ಉಳುಮೆ ಮಾಡಿದ ತೊಗರಿ ಹೊಲದಲ್ಲಿ ಪದರಗಳು ಕಲೆಸಿಹೋಗಿರುವುದರಿಂದ ಬದುವಿನ ಅಥವಾ ಗೋಮಾಳದ ಕದಡದ ಮಣ್ಣು ಹೆಚ್ಚು ನಂಬಬಹುದಾದದ್ದು. ಮಾದರಿಯನ್ನು ಒಲೆಯಲ್ಲಿ ಹೆಚ್ಚು ಕಾಯಿಸಿ ಒಣಗಿಸಿದರೆ ಪಾದರಸವೇ ಹಾರಿಹೋಗುವುದರಿಂದ ನೆರಳಿನಲ್ಲಿ ಅಥವಾ ಶೀತಲೀಕರಿಸಿ ಒಣಗಿಸುವುದು ಕ್ರಮ.

ಗಾಳಿಯ ಪಾದರಸವನ್ನು ಕಲ್ಲುಹೂ ಮತ್ತು ಪಾಚಿಗಳು ವರ್ಷಗಟ್ಟಲೆ ಹೀರಿ ಹಿಡಿದಿಡುತ್ತವೆ. ತಮಿಳುನಾಡಿನ ಕೊಡೈಕೆನಾಲಿನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಸುತ್ತಲಿನ ಕಲ್ಲುಹೂ, ಪಾಚಿಗಳನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಹೈದರಾಬಾದ್ ಘಟಕದ ವಿಜ್ಞಾನಿಗಳು ಪರೀಕ್ಷಿಸಿ, ಮಾಲಿನ್ಯ ಹರಡಿದ ಬಗೆಯನ್ನು 2003ರಲ್ಲಿ ಪ್ರಕಟಿಸಿದರು. ಕರ್ನಾಟಕದಲ್ಲಿ ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಆಸುಪಾಸಿನ ಕಡಲ ಪರಿಸರದಲ್ಲಿ ಪಾದರಸವನ್ನು ಅಳೆದ ಅಧ್ಯಯನವು 1990ರಲ್ಲಿ ಪ್ರಕಟವಾಯಿತು. ಉಪ್ಪುನೀರನ್ನು ವಿದ್ಯುತ್ತಿನಿಂದ ವಿಭಜಿಸಲು ಪಾದರಸವನ್ನೇ ವಿದ್ಯುದಗ್ರವಾಗಿ ಬಳಸುವ ಹಳೆಯ ತಂತ್ರವು ಅಂಥ ಕಾರ್ಖಾನೆಗಳಲ್ಲಿ ಮಾಲಿನ್ಯದ ಮೂಲವಾಗಿತ್ತು, ಮತ್ತು ದೇಶದ ಉದ್ಯಮ ನಂತರ ಪಾದರಸವಿಲ್ಲದ ಪೊರೆಕೋಶಗಳಿಗೆ ಹೊರಳಿತು.

ಪ್ರಯೋಗಾಲಯದ ವಿಧಾನಗಳು

ಶೀತ ಆವಿ ಪರಮಾಣು ಹೀರಿಕೆ ವಿಧಾನವು 1960ರ ದಶಕದಿಂದ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿದೆ. ಕುಡಿಯುವ ನೀರಿನ ಪಾದರಸ ಅಳೆಯಲು ಭಾರತೀಯ ಮಾನಕ ಐಎಸ್ 3025ರ 48ನೆಯ ಭಾಗದಲ್ಲಿಯೂ ಇದೇ ಇದೆ. ಮಾದರಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳೊಡನೆ ಪರ್ಮಾಂಗನೇಟ್, ಪರ್ಸಲ್ಫೇಟ್ ಸೇರಿಸಿ ಸುಮಾರು 95 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ, ಯಾವ ರೂಪದಲ್ಲಿದ್ದ ಪಾದರಸವೂ ಅಜೈವಿಕ ಅಯಾನಾಗಿ ದ್ರಾವಣಕ್ಕೆ ಬರುತ್ತದೆ. ಉಳಿದ ಪರ್ಮಾಂಗನೇಟಿನ ಬಣ್ಣವನ್ನು ಹೈಡ್ರಾಕ್ಸಿಲಮೀನ್ ಹಾಕಿ ತೆಗೆದು, ಸ್ಟ್ಯಾನಸ್ ಕ್ಲೋರೈಡ್ ಸೇರಿಸಿದಾಗ ಅಯಾನು ಲೋಹವಾಗಿ ಮಾರ್ಪಡುತ್ತದೆ. ಗಾಳಿ ಅಥವಾ ಆರ್ಗಾನ್ ಊದಿ ಅದರ ಆವಿಯನ್ನು ಸ್ಫಟಿಕಗಾಜಿನ ಉದ್ದ ಕೊಳವೆಗೆ ಸಾಗಿಸಿ, ಅದರ ಮೂಲಕ 253.7 ನ್ಯಾನೊಮೀಟರ್ ತರಂಗದೂರದ ಅತಿನೇರಳೆ ಬೆಳಕನ್ನು ಹಾಯಿಸಿದಾಗ ಎಷ್ಟು ಬೆಳಕು ಹೀರಲ್ಪಟ್ಟಿತೆಂಬುದರಿಂದ ಪಾದರಸದ ಪ್ರಮಾಣ ತಿಳಿಯುತ್ತದೆ. ಬೇರೆ ಲೋಹಗಳಿಗೆ ಬೇಕಾಗುವ ಜ್ವಾಲೆ ಇದಕ್ಕೆ ಬೇಡವಾದ್ದರಿಂದ ಶೀತ ಆವಿ ಎಂಬ ಹೆಸರು ಬಂದಿದೆ. ಅದೇ ಆವಿ ಬೆಳಕನ್ನು ಹೀರಿ ಮತ್ತೆ ಹೊರಸೂಸುವ ಪ್ರತಿದೀಪ್ತಿಯನ್ನು ಅಳೆಯುವ ವಿಧಾನವು ಇನ್ನೂ ಸೂಕ್ಷ್ಮವಾಗಿದ್ದು, ಚಿನ್ನದ ಬಲೆಯಲ್ಲಿ ಪಾದರಸವನ್ನು ಮೊದಲು ಕೂಡಿಹಾಕಿಕೊಂಡರೆ ಲೀಟರಿಗೆ ಒಂದು ನ್ಯಾನೊಗ್ರಾಮಿಗಿಂತ ಕಡಿಮೆ ಪ್ರಮಾಣವನ್ನೂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗಕ್ಕಿಂತ ಕಡಿಮೆಯನ್ನೂ, ಹಿಡಿಯುತ್ತದೆ.

ಸುಣ್ಣಕಲ್ಲು, ಕಲ್ಲಿದ್ದಲು, ಹಾರುಬೂದಿ, ಮೀನಿನ ಮಾಂಸದಂಥ ಘನ ಮಾದರಿಗಳಿಗೆ ನೇರ ಪಾದರಸ ವಿಶ್ಲೇಷಕವು ಅನುಕೂಲ. ನೂರು ಮಿಲಿಗ್ರಾಮಿನಷ್ಟು ಪುಡಿಯನ್ನು ದೋಣಿಯಾಕಾರದ ಪುಟ್ಟ ಪಾತ್ರೆಯಲ್ಲಿಟ್ಟು ಆಮ್ಲಜನಕದಲ್ಲಿ ಸುಟ್ಟು, ಬಂದ ಆವಿಯನ್ನು ಚಿನ್ನದ ಮೇಲೆ ಹಿಡಿದು, ಚಿನ್ನವನ್ನು ಥಟ್ಟನೆ ಕಾಯಿಸಿ ಬಿಡುಗಡೆ ಮಾಡಿ ಅಳೆಯುವ ಈ ಯಂತ್ರಕ್ಕೆ ಆಮ್ಲವಾಗಲಿ ಗಂಟೆಗಟ್ಟಲೆ ಸಮಯವಾಗಲಿ ಬೇಕಿಲ್ಲ. ಆದರೆ ಒಂದು ರೈಲ್ವೆ ರೇಕಿನ ಕಲ್ಲಿದ್ದಲನ್ನು ಒಂದು ಚಿಟಿಕೆ ಪುಡಿ ಪ್ರತಿನಿಧಿಸಬೇಕಾಗುವುದರಿಂದ, ಹಲವು ಕಡೆಯಿಂದ ತೆಗೆದು ಕೂಡಿಸಿ, ಅರೆದು, ನಾಲ್ಕು ಪಾಲು ಮಾಡಿ ಎರಡನ್ನು ಬಿಟ್ಟು ಎರಡನ್ನು ಮತ್ತೆ ಬೆರೆಸುತ್ತ ಕಡಿಮೆ ಮಾಡಿಕೊಂಡು ಬರುವ ಕೆಲಸ ಸರಿಯಾಗಿ ನಡೆಯದಿದ್ದರೆ ಯಂತ್ರದ ವೇಗ ವ್ಯರ್ಥವಾಗುತ್ತದೆ.

ಅನೇಕ ಲೋಹಗಳನ್ನು ಒಟ್ಟಿಗೆ ಅಳೆಯುವ ಪ್ರಯೋಗಾಲಯಗಳು, ಮಾದರಿಯನ್ನು ಸುಡುಬಿಸಿಯ ಪ್ಲಾಸ್ಮಾದಲ್ಲಿ ಅಯಾನುಗಳಾಗಿಸಿ ಅವುಗಳ ರಾಶಿಯ ಆಧಾರದ ಮೇಲೆ ಎಣಿಸುವ ಐಸಿಪಿ–ಎಂಎಸ್ ಯಂತ್ರವನ್ನು ಬಳಸುತ್ತವೆ. ಪಾದರಸವು ಯಂತ್ರದ ಕೊಳವೆಗಳಿಗೆ ಅಂಟಿಕೊಂಡು ಮುಂದಿನ ಮಾದರಿಯಲ್ಲಿ ಕಾಣಿಸಿಕೊಳ್ಳುವ ದೋಷ ಇದರಲ್ಲಿದ್ದು, ಅದನ್ನು ತಡೆಯಲು ದ್ರಾವಣಕ್ಕೆ ಅಲ್ಪ ಚಿನ್ನವನ್ನು ಬೆರೆಸುತ್ತಾರೆ. ಮೀಥೈಲ್ ಪಾದರಸವನ್ನು ಪ್ರತ್ಯೇಕಿಸಲು ವರ್ಣರೇಖನ ಸ್ತಂಭದಲ್ಲಿ ರೂಪಗಳನ್ನು ಬೇರ್ಪಡಿಸಿ, ನಂತರ ಇದೇ ಯಂತ್ರದಿಂದ ಅಥವಾ ಪ್ರತಿದೀಪ್ತಿಯಿಂದ ಅಳೆಯಲಾಗುತ್ತದೆ. ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣ ಪ್ರತಿದೀಪ್ತಿ ಸಾಧನವು ಮುಖದ ಕ್ರೀಮು, ವಿದ್ಯುನ್ಮಾನ ಸರಕುಗಳ ಪ್ರಾಥಮಿಕ ಜರಡಿಗೆ ಉಪಯುಕ್ತವೇ ಹೊರತು, ನೀರು ಅಥವಾ ಧಾನ್ಯದಲ್ಲಿನ ಸೂಕ್ಷ್ಮ ಪ್ರಮಾಣವನ್ನು ಕಾಣಲಾರದು.

ಆಹಾರ

ಮನುಷ್ಯರಿಗೆ ಮೀಥೈಲ್ ಪಾದರಸ ಬರುವ ಮುಖ್ಯ ದಾರಿ ಮೀನು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಾವಳಿಯು ಮೀನಿನಲ್ಲಿ ಒಟ್ಟು ಪಾದರಸಕ್ಕೆ ಕಿಲೋಗ್ರಾಮಿಗೆ 0.5 ಮಿ.ಗ್ರಾಂ, ಎಲ್ಲ ಆಹಾರಗಳಲ್ಲಿ ಮೀಥೈಲ್ ಪಾದರಸಕ್ಕೆ 0.25 ಮಿ.ಗ್ರಾಂ ಮಿತಿ ಹಾಕಿತು. ಜಲಾಶಯ, ಬಾಂದಾರಗಳ ಮೀನುಗಳಲ್ಲಿ ಸಸ್ಯ, ಪ್ಲವಕಗಳನ್ನು ತಿನ್ನುವ ಕಾಟ್ಲಾ, ರೋಹುಗಳಿಗಿಂತ ಬೇರೆ ಮೀನನ್ನು ಬೇಟೆಯಾಡುವ ಮುರೆಲ್‌ನಂಥವುಗಳಲ್ಲಿ, ಅದರಲ್ಲೂ ವಯಸ್ಸಾದ ದೊಡ್ಡವುಗಳಲ್ಲಿ, ಪಾದರಸ ಹೆಚ್ಚಿರುತ್ತದೆ. ಆದ್ದರಿಂದ ಜಾತಿ, ಉದ್ದ, ತೂಕಗಳನ್ನು ದಾಖಲಿಸದೆ ಮೀನು ಎಂದಷ್ಟೇ ಬರೆದ ವರದಿಯಿಂದ ಎರಡು ಕೆರೆಗಳನ್ನಾಗಲಿ ಎರಡು ವರ್ಷಗಳನ್ನಾಗಲಿ ಹೋಲಿಸಲಾಗದು. ಮೀನಿನ ಮಾಂಸದಲ್ಲಿನ ಪಾದರಸದ ಹೆಚ್ಚಿನ ಪಾಲು ಮೀಥೈಲ್ ರೂಪದಲ್ಲಿಯೇ ಇರುವುದರಿಂದ, ಮೊದಲು ಒಟ್ಟು ಪ್ರಮಾಣ ನೋಡಿ, ಅದು ಮೀಥೈಲ್ ಪಾದರಸದ ಮಿತಿಯ ಸಮೀಪಕ್ಕೆ ಬಂದಾಗ ಮಾತ್ರ ದುಬಾರಿಯಾದ ರೂಪ ಪರೀಕ್ಷೆಗೆ ಕಳಿಸುವುದು ಮಿತವ್ಯಯದ ಕ್ರಮ.

ಸೀಮೆಯ ಮುಖ್ಯ ಬೆಳೆಗಳಾದ ತೊಗರಿ, ಜೋಳಗಳ ಬೇರುಗಳು ಮಣ್ಣಿನ ಪಾದರಸವನ್ನು ಕಾಳಿನವರೆಗೆ ಸಾಗಿಸುವುದು ಅಲ್ಪ. ನೀರು ನಿಂತ ಗದ್ದೆಯ ಭತ್ತದಲ್ಲಿ ಮೀಥೈಲ್ ಪಾದರಸ ಸೇರುವುದು ಚೀನಾದ ಗ್ವೀಝೌ ಪ್ರಾಂತ್ಯದ ಪಾದರಸ ಗಣಿಗಳ ಸುತ್ತ ಕಂಡುಬಂದಿದ್ದರೂ, ಒಣಬೇಸಾಯದ ತೊಗರಿಗೆ ಆ ಸನ್ನಿವೇಶ ಒದಗುವುದಿಲ್ಲ. ಎಲೆಗಳು ಮಾತ್ರ ಗಾಳಿಯಿಂದ ನೇರವಾಗಿ ಆವಿಯನ್ನು ಹೀರುತ್ತವೆ, ಅವುಗಳ ಮೇಲೆ ದೂಳೂ ಕೂರುತ್ತದೆ. ಸೊಪ್ಪು, ಮೇವುಗಳನ್ನು ತೊಳೆದು ಒಂದು ಬಾರಿ, ತೊಳೆಯದೆ ಒಂದು ಬಾರಿ ಪರೀಕ್ಷಿಸಿದರೆ ಒಳಗಿನದೂ ಹೊರಗಿನದೂ ಬೇರೆಯಾಗುತ್ತದೆ. ಕಬ್ಬಿನ ತುಂಡು, ಆಲೂಗಡ್ಡೆಗಳ ಬೀಜೋಪಚಾರಕ್ಕೆ ಬಳಸುತ್ತಿದ್ದ ಮೆಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡನ್ನು ಭಾರತ 2018ರಲ್ಲಿ ನಿಷೇಧಿಸಿತು. ನಗರ ತ್ಯಾಜ್ಯದ ಗೊಬ್ಬರಕ್ಕೆ ಕಿಲೋಗ್ರಾಮಿಗೆ 0.15 ಮಿ.ಗ್ರಾಂ ಪಾದರಸದ ಮಿತಿಯಿದೆ.

ಬಳಕೆಯ ವಸ್ತುಗಳು ಮತ್ತು ಮಾನವ ದೇಹ

ಚರ್ಮದ ಬಣ್ಣ ತಿಳಿಯಾಗಿಸುವ ಕ್ರೀಮುಗಳಲ್ಲಿ ಬೆರೆಸುವ ಅಜೈವಿಕ ಪಾದರಸವು ಮೂತ್ರಪಿಂಡಕ್ಕೆ ಹಾನಿಕರ. ಸೌಂದರ್ಯವರ್ಧಕಗಳ 2020ರ ನಿಯಮಗಳ ಪ್ರಕಾರ ಕಣ್ಣಿನ ಸುತ್ತ ಮಾತ್ರ ಬಳಸುವ ವಸ್ತುಗಳಲ್ಲಿ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಭಾಗ) ಮೀರಬಾರದು. ಉಳಿದವುಗಳಲ್ಲಿ ಉದ್ದೇಶವಿಲ್ಲದೆ ಸೇರಿದ್ದೂ 1 ಪಿಪಿಎಂ ದಾಟಬಾರದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇಂಥ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಗುಂಪಾಗಿ ಕಂಡುಬಂದಾಗ, ರೋಗಿಗಳ ರಕ್ತ, ಮೂತ್ರಗಳ ಜೊತೆ ಕ್ರೀಮಿನ ಪರೀಕ್ಷೆಯೂ ಕಾರಣದ ಕಡೆಗೆ ದಾರಿ ತೋರಿತು. ಆಯುರ್ವೇದದ ಗಿಡಮೂಲಿಕೆ ಔಷಧಗಳಿಗೆ ಪಾದರಸದ ಮಿತಿ 1 ಪಿಪಿಎಂ; ಪಾದರಸವನ್ನೇ ಘಟಕವಾಗಿ ಹೊಂದಿದ ರಸೌಷಧಗಳಿಗೆ ಈ ಅಳತೆ ಅನ್ವಯಿಸದು, ಅಲ್ಲಿ ಪಾದರಸ ಎಷ್ಟಿದೆ ಎಂಬುದಕ್ಕಿಂತ ಯಾವ ಸಂಯುಕ್ತವಾಗಿದೆ, ಬಿಡಿ ಲೋಹ ಉಳಿದಿದೆಯೇ ಎಂಬುದು ಪರೀಕ್ಷೆಯ ಪ್ರಶ್ನೆ.

ದೇಹದ ಯಾವ ದ್ರವ್ಯವನ್ನು ಪರೀಕ್ಷಿಸಬೇಕೆಂಬುದೂ ಪಾದರಸದ ರೂಪವನ್ನೇ ಅವಲಂಬಿಸಿದೆ. ಆವಿ ಅಥವಾ ಲವಣಗಳ ಸಂಪರ್ಕವಿದ್ದ ಕಾರ್ಮಿಕರಲ್ಲಿಯೂ ಕ್ರೀಮು ಬಳಸಿದವರಲ್ಲಿಯೂ ಮೂತ್ರ ಪರೀಕ್ಷೆ ಸೂಕ್ತ; ಮೀನಿನಿಂದ ಬಂದ ಮೀಥೈಲ್ ಪಾದರಸ ಮೂತ್ರದಲ್ಲಿ ಬಹಳ ಕಡಿಮೆ ಕಾಣುವುದರಿಂದ ರಕ್ತ ಅಥವಾ ತಲೆಗೂದಲನ್ನು ಆರಿಸಬೇಕು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದಿಂದ ತುಂಡುತುಂಡಾಗಿ ಪರೀಕ್ಷಿಸಿದರೆ ಕಳೆದ ತಿಂಗಳುಗಳ ಸೇವನೆಯ ಕ್ರಮವೂ ಗೊತ್ತಾಗುತ್ತದೆ.

ಕಾನೂನು, ಮಿತಿಗಳು, ಸಂಸ್ಥೆಗಳು

ಮಿನಮಾಟ ಒಪ್ಪಂದವು 2013ರ ಅಕ್ಟೋಬರ್‌ನಲ್ಲಿ ಅಂಗೀಕೃತವಾಗಿ 2017ರ ಆಗಸ್ಟ್ 16ರಂದು ಜಾರಿಗೆ ಬಂತು. ಭಾರತ 2014ರಲ್ಲಿ ಸಹಿ ಹಾಕಿ 2018ರ ಜೂನ್‌ನಲ್ಲಿ ಸ್ಥಿರೀಕರಿಸಿತು. ತ್ಯಾಜ್ಯವನ್ನು ಸಹಸಂಸ್ಕರಿಸುವ ಸಿಮೆಂಟ್ ಕುಲುಮೆಗಳಿಗೆ ಕೇಂದ್ರ ಪರಿಸರ ಸಚಿವಾಲಯವು 2016ರ ಮೇ ತಿಂಗಳ ಅಧಿಸೂಚನೆಯಲ್ಲಿ ಪ್ರತಿ ಸಾಮಾನ್ಯ ಘನ ಮೀಟರಿಗೆ 0.05 ಮಿ.ಗ್ರಾಂ ಪಾದರಸದ ಮಿತಿ ನಿಗದಿಮಾಡಿತು. ಕಲ್ಲಿದ್ದಲು ವಿದ್ಯುತ್ ಘಟಕಗಳಿಗೆ 2015ರ ಡಿಸೆಂಬರ್ ಅಧಿಸೂಚನೆ ತಂದ ಮಿತಿ 0.03 ಮಿ.ಗ್ರಾಂ. ಕುಡಿಯುವ ನೀರಿಗೆ ಐಎಸ್ 10500ರ ಮಿತಿ ಲೀಟರಿಗೆ 0.001 ಮಿ.ಗ್ರಾಂ ಆಗಿದ್ದು, ಬೇರೆ ಮೂಲವಿಲ್ಲವೆಂಬ ಕಾರಣಕ್ಕೂ ಇದರಲ್ಲಿ ಸಡಿಲಿಕೆಯಿಲ್ಲ. ಕಾರ್ಖಾನೆಗಳ ಹೊರಹರಿವಿಗೆ ಸಾಮಾನ್ಯ ಮಿತಿ ಲೀಟರಿಗೆ 0.01 ಮಿ.ಗ್ರಾಂ.

ರಾಜ್ಯದಲ್ಲಿ ಈ ಮಿತಿಗಳ ಪಾಲನೆಯನ್ನು ನೋಡಿಕೊಳ್ಳುವ ಹೊಣೆ 1974ರಲ್ಲಿ ರಚನೆಯಾದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಕಲಬುರಗಿಯಲ್ಲಿ ಅದರ ಪ್ರಾದೇಶಿಕ ಕಚೇರಿಯಿದೆ. ಆಹಾರ ವಿಶ್ಲೇಷಣೆಯಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯೂ, ಸಿಮೆಂಟ್ ಹಾಗೂ ಅದರ ಕಚ್ಚಾವಸ್ತುಗಳ ವಿಷಯದಲ್ಲಿ ಸಿಮೆಂಟ್ ಮತ್ತು ಕಟ್ಟಡ ಸಾಮಗ್ರಿಗಳ ರಾಷ್ಟ್ರೀಯ ಮಂಡಳಿಯೂ ಪರಿಣತಿ ಹೊಂದಿವೆ. ಖಾಸಗಿ ಪ್ರಯೋಗಾಲಯಗಳಿಗೆ ಐಎಸ್‌ಒ 17025 ಮಾನಕದಂತೆ ಮಾನ್ಯತೆ ನೀಡುವುದು ಎನ್‌ಎಬಿಎಲ್. ಮಾನ್ಯತೆಯು ಪ್ರಯೋಗಾಲಯಕ್ಕೆ ಇಡಿಯಾಗಿ ಸಿಗುವುದಲ್ಲ. ಯಾವ ವಸ್ತುವಿನಲ್ಲಿ, ಯಾವ ವಿಧಾನದಿಂದ, ಯಾವ ವ್ಯಾಪ್ತಿಯಲ್ಲಿ ಪಾದರಸ ಅಳೆಯಬಲ್ಲರೆಂಬ ಪಟ್ಟಿಗೆ ಮಾತ್ರ ಅದು ಸೀಮಿತ.

ವರದಿಯ ಅರ್ಥೈಸುವಿಕೆ

ಪರೀಕ್ಷಾ ವರದಿಗಳಲ್ಲಿ ಹೆಚ್ಚು ತಪ್ಪುತಿಳಿವಳಿಕೆಗೆ ಎಡೆಮಾಡುವುದು ಬಿಡಿಎಲ್ ಎಂಬ ಮೂರಕ್ಷರದ ಸಂಕೇತ. ಯಂತ್ರ ಗುರುತಿಸಬಲ್ಲ ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಎಂಬಷ್ಟೇ ಅದರ ಅರ್ಥ, ಪಾದರಸ ಇಲ್ಲವೆಂದಲ್ಲ. ಕುಡಿಯುವ ನೀರಿನ ಮಿತಿ 0.001 ಮಿ.ಗ್ರಾಂ ಇರುವಾಗ, 0.005ಕ್ಕಿಂತ ಕೆಳಗಿನದನ್ನು ಕಾಣಲಾರದ ವಿಧಾನದಿಂದ ಬಿಡಿಎಲ್ ಎಂದು ಬರೆದರೆ, ಆ ನೀರು ಮಿತಿಯ ನಾಲ್ಕು ಪಟ್ಟು ಪಾದರಸ ಹೊಂದಿದ್ದರೂ ವರದಿ ಹಾಗೆಯೇ ಇರುತ್ತದೆ. ಗುರುತಿಸುವ ಮಿತಿಯು ಕಾನೂನಿನ ಮಿತಿಯ ಹತ್ತನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಕಡಿಮೆ ಇರುವುದು ಅಪೇಕ್ಷಣೀಯ. ಇದರೊಂದಿಗೆ ಖಾಲಿ ಮಾದರಿಯ ಫಲಿತಾಂಶ, ತಿಳಿದ ಪ್ರಮಾಣದ ಪಾದರಸವನ್ನು ಮಾದರಿಗೆ ಸೇರಿಸಿ ಅದರಲ್ಲಿ ಎಷ್ಟು ಮರಳಿ ಸಿಕ್ಕಿತೆಂಬ ಶೇಕಡಾವಾರು, ಪ್ರಮಾಣೀಕೃತ ಆಧಾರ ವಸ್ತುವಿನಲ್ಲಿ ಬಂದ ಅಳತೆ ಮತ್ತು ಅನಿಶ್ಚಿತತೆಯ ಅಂದಾಜು ವರದಿಯಲ್ಲಿದ್ದರೆ ಅಂಕಿಗೆ ಸಾಕ್ಷಿ ದೊರೆಯುತ್ತದೆ.

ಸಿಮೆಂಟ್ ಉದ್ಯಮದಲ್ಲಿ ಚಿಮಣಿಯ ಅಳತೆಗೆ ಸ್ವತಂತ್ರ ಪರಿಶೀಲನೆಯಾಗಿ ದ್ರವ್ಯರಾಶಿ ಸಮತೋಲನವನ್ನು ಬಳಸಲಾಗುತ್ತದೆ. ಕೆಲವು ತಿಂಗಳುಗಳ ಅವಧಿಯಲ್ಲಿ ಒಳಬಂದ ಸುಣ್ಣಕಲ್ಲು, ಕಲ್ಲಿದ್ದಲು, ಬೂದಿ ಮತ್ತು ತ್ಯಾಜ್ಯಗಳ ತೂಕವನ್ನು ಅವುಗಳ ಪಾದರಸದ ಅಂಶದಿಂದ ಗುಣಿಸಿ ಕೂಡಿಸಿದ ಮೊತ್ತವು, ಚಿಮಣಿಯಿಂದ ಹೋದದ್ದು ಮತ್ತು ಹೊರತೆಗೆದ ದೂಳಿನೊಡನೆ ಹೋದದ್ದು ಸೇರಿದ ಮೊತ್ತಕ್ಕೆ ಸರಿಹೊಂದಬೇಕು. ಒಳಬಂದದ್ದು ಹೆಚ್ಚಾಗಿ, ಹೊರಹೋದದ್ದು ಬಹಳ ಕಡಿಮೆಯೆಂದು ಕಂಡುಬಂದರೆ, ರಾ ಮಿಲ್ ನಿಂತ ಗಂಟೆಗಳ ಮಾದರಿ ತಪ್ಪಿಹೋಗಿರುವ ಸಂಭವವೇ ಮೊದಲು ಪರಿಶೀಲಿಸಬೇಕಾದದ್ದು. ಕಚ್ಚಾವಸ್ತುಗಳ ಈ ಪರೀಕ್ಷೆ ಚಿಮಣಿ ಹತ್ತುವುದಕ್ಕಿಂತ ಸುಲಭ, ಅಗ್ಗ. ಖಣಿಯ ಯಾವ ಸ್ತರದಲ್ಲಿ, ಯಾವ ಗಣಿಯ ಕಲ್ಲಿದ್ದಲಿನಲ್ಲಿ ಪಾದರಸ ಹೆಚ್ಚಿದೆಯೆಂದು ತಿಳಿದರೆ ಅದನ್ನು ದೂರವಿಡುವುದಕ್ಕೂ, ರಾ ಮಿಲ್ ನಿಂತ ಹೊತ್ತಿನ ಫಿಲ್ಟರ್ ದೂಳನ್ನು ಕುಲುಮೆಗೆ ಮರಳಿಸದೆ ಸಿಮೆಂಟ್ ಅರೆಯುವ ಹಂತಕ್ಕೆ ತಿರುಗಿಸುವುದಕ್ಕೂ ಆಧಾರ ಸಿಗುತ್ತದೆ. ಹಾಗೆ ತಿರುಗಿಸಿದ ದೂಳಿನಲ್ಲಿನ ಪಾದರಸ ಸಿಮೆಂಟಿಗೆ ಸೇರುವುದರಿಂದ ಆ ಸಿಮೆಂಟನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸಬೇಕಾಗುತ್ತದೆ.